ನೊಗಕ್ಕೆ ಎರಡು ಹೆಗಲು



ಲಿಂಗಸುಗೂರಿನ ಈ ಕಾಲೇಜಿನ ದತ್ತಿ ಉಪನ್ಯಾಸಕ್ಕೆ ದಾನಿಗಳು ನನಗೆ ಒಪ್ಪಿಸಿರುವ ವಿಷಯ ‘ಬದುಕಿನ ಹೊರೆ ಮತ್ತು ಕ್ರೈಸ್ತ ನಂಬಿಕೆಯಲ್ಲಿ ಬಿಡುಗಡೆ’. ನಾನು ಪಾದ್ರಿಯಲ್ಲ, ಪಾಸ್ಟರನೂ ಅಲ್ಲ. ಕ್ರೈಸ್ತರ ಮನೆಯಲ್ಲಿ ಹುಟ್ಟಿದವನೂ ಅಲ್ಲ, ನೆರೆಯವನು ಮಾತ್ರ. ಆದ್ದರಿಂದ ಇಲ್ಲಿ ಉಪದೇಶ ನಡೆಯುವುದಿಲ್ಲ, ಸಾಕ್ಷಿ ಹೇಳುವುದೂ ಇಲ್ಲ. ನೆರೆಮನೆಯ ಗ್ರಂಥವನ್ನು ನಮ್ಮ ಎರೆಭೂಮಿಯ ಮೇಲೆ ನಿಂತು ಓದಿದರೆ ಏನು ಕಾಣುತ್ತದೆ ಎಂಬುದಷ್ಟೇ ನನ್ನ ಮಾತಿನ ವ್ಯಾಪ್ತಿ. ಮೊದಲು ಆ ನಂಬಿಕೆ ಈ ಸೀಮೆಗೆ ಬಂದ ದಾರಿಯನ್ನು ಬೇಗ ಬೇಗ ನೋಡಿಬಿಡೋಣ. ಆಮೇಲೆ ಸುವಾರ್ತೆಗಳು ಹೊರೆಯ ಬಗ್ಗೆ ಏನು ಹೇಳುತ್ತವೆ ಎಂಬಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಮೂರನೆಯದಾಗಿ ಪಂಡಿತಾ ರಮಾಬಾಯಿ. ಕಡೆಗೆ ಈ ಸಭೆಯಲ್ಲಿ ಕುಳಿತ ಬಹುಪಾಲು ಮನೆಗಳಿಗೆ ಪರಿಚಯವಿರುವ ಹೊರೆ, ಸಾಲ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಕ್ರೈಸ್ತರ ಬಗ್ಗೆ ಬರವಣಿಗೆಯಲ್ಲಿ ಸಿಗುವ ಹಳೆಯ ಚಿತ್ರಗಳಲ್ಲಿ ಒಂದು ಅಷ್ಟೇನೂ ಸೌಮ್ಯವಾದುದಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೇದು ಎಂಬ ಪೋರ್ಚುಗೀಸನೂ ಅವನ ಕೋವಿಕಾರರೂ ರಾಯನಿಗೆ ನೆರವಾದರೆಂದು ಪೋರ್ಚುಗೀಸ್ ವೃತ್ತಾಂತಕಾರ ಫೆರ್ನಾವ್ ನುನಿಜ್ ಬರೆದಿಟ್ಟಿದ್ದಾನೆ. ಕೋಟೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದುರುಳಿಸಿದವರು ಅವರು. ಗೆಲುವು ರಾಯನದಾಯಿತು. ಆದರೆ ಆ ಕೋವಿಗಳಿಂದ ಇಲ್ಲಿ ಒಂದು ಕುಟುಂಬವೂ ಕ್ರಿಸ್ತನನ್ನು ಅರಿಯಲಿಲ್ಲ.

ಅರಿತದ್ದು ಬೇರೆ ದಾರಿಯಿಂದ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಇದೇ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಕಥೋಲಿಕರ ಒಂದು ನೆಲೆ ಹುಟ್ಟಿಕೊಂಡಿತು. ಗೋವೆಯ ಕಡೆಯಿಂದ ಬಂದ ಜೆಸ್ವಿತ ಪಾದ್ರಿಗಳ ಕೆಲಸ ಅದು. 1557ಕ್ಕೂ ಮೊದಲೇ ಅಲ್ಲಿ ಇಗರ್ಜಿ ಇತ್ತೆಂದೂ ವಿಜಾಪುರದ ಆದಿಲ್ ಶಾಹಿ ದೊರೆ ಇಬ್ರಾಹಿಂ ಅದಕ್ಕೆ ದತ್ತಿ ಬಿಟ್ಟಿದ್ದನೆಂದೂ ಗೆಜೆಟಿಯರುಗಳು ದಾಖಲಿಸುತ್ತವೆ. ದತ್ತಿ ಉಪನ್ಯಾಸವೊಂದರಲ್ಲಿ ಆ ದತ್ತಿಯನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ: ಮುಸಲ್ಮಾನ ದೊರೆ, ಕನ್ನಡದ ಊರು, ಕ್ರೈಸ್ತರ ಗುಡಿ. 1686ರಲ್ಲಿ ವಿಜಾಪುರ ಬಿದ್ದಿತು, ಮೊಗಲರು ಬಂದರು, ನಿಜಾಮರು ಬಂದರು, 1853ರಿಂದ 1860ರವರೆಗೆ ಈ ಸೀಮೆ ಇಂಗ್ಲಿಷರ ಕೈಯಲ್ಲಿತ್ತು, ಮತ್ತೆ ನಿಜಾಮರಿಗೆ ಮರಳಿತು, 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. ಮುದಗಲ್ಲಿನ ಕ್ರೈಸ್ತರು ಇಷ್ಟೂ ಆಳ್ವಿಕೆಗಳನ್ನು, ತಮ್ಮದೇ ಒಂದು ಅರಸೊತ್ತಿಗೆ ಬೆನ್ನಿಗಿಲ್ಲದೆ, ದಾಟಿ ಬಂದವರು. ಇದನ್ನು ಸಣ್ಣ ಸಂಗತಿಯೆಂದು ನಾನು ಭಾವಿಸಿಲ್ಲ.

ಬಂದ ಸುವಾರ್ತೆ ಬರಡು ಕಿವಿಗಳ ಮೇಲೂ ಬೀಳಲಿಲ್ಲ. ಇತ್ತೀಚಿನವರೆಗೂ ಇದೇ ತಾಲ್ಲೂಕಿನಲ್ಲಿದ್ದ ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಒಂದು ಶಾಸನ ಕಂಡ. ಚಿನ್ನ ಹುಡುಕುವವನಿಗೆ ಅಶೋಕ ಸಿಕ್ಕ. ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲೇ ಅಶೋಕನ ಹೆಸರು ಇರುವ ಶಾಸನ ಎಂಬ ಕಾರಣಕ್ಕೆ ನಮ್ಮ ಮಕ್ಕಳು ಮಸ್ಕಿಯನ್ನು ಪರೀಕ್ಷೆಗೆ ಓದಿಕೊಳ್ಳುತ್ತಾರೆ. ಒಳಗೆ ಏನಿದೆಯೆಂದು ಕೇಳಿದರೆ ಮೇಷ್ಟ್ರುಗಳೂ ತಡವರಿಸುತ್ತಾರೆ. ಅದರ ತಿರುಳು ಇಷ್ಟು: ಪರಮಗುರಿ ದೊಡ್ಡವರಿಗೆ ಮಾತ್ರ ಮೀಸಲು ಎಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಅದನ್ನು ಮುಟ್ಟಬಲ್ಲ. ಆಮೇಲೆ ಶರಣರು ಬಂದರು. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು ಬಂದರು. ಸಣ್ಣವನಿಗೂ ಬಿಡುಗಡೆ ಉಂಟು ಎಂಬ ಮಾತು ಈ ನೆಲಕ್ಕೆ ಹೊಸದಲ್ಲ. ಹಾಗಿದ್ದರೆ ಕ್ರೈಸ್ತ ನಂಬಿಕೆ ಅದಕ್ಕೆ ಸೇರಿಸಿದ್ದೇನು? ಇಲ್ಲಿಂದ ನಾನು ಎರಡನೆಯ ಭಾಗಕ್ಕೆ ಬರುತ್ತೇನೆ.

ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದ ಕೊನೆಯ ಮೂರು ವಚನಗಳು ನಮ್ಮ ವಿಷಯದ ಬೇರು. ದುಡಿದು ದಣಿದವರನ್ನು, ಹೊರೆ ಹೊತ್ತವರನ್ನು ಯೇಸು ತನ್ನ ಬಳಿಗೆ ಕರೆಯುತ್ತಾನೆ. ವಿಶ್ರಾಂತಿಯ ಭರವಸೆ ಕೊಡುತ್ತಾನೆ. ಕ್ರೈಸ್ತರ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಸಾಮಾನ್ಯವಾಗಿ ಇಷ್ಟೇ ಅಚ್ಚಾಗಿರುತ್ತದೆ. ಮುಂದಿನ ಮಾತು ಬಿಟ್ಟುಹೋಗಿರುತ್ತದೆ. ಹೊರೆ ಹೊತ್ತು ಬಂದವನಿಗೆ ಅವನು ಕೊಡುವುದು ಹಾಸಿಗೆಯನ್ನಲ್ಲ. ನನ್ನ ನೊಗಕ್ಕೆ ಹೆಗಲು ಕೊಡು ಎನ್ನುತ್ತಾನೆ, ಅದು ಹಗುರ ಎನ್ನುತ್ತಾನೆ. ಮೊದಲ ಸಲ ಓದಿದವರಿಗೆ ಇದು ಮೋಸದಂತೆ ಕಾಣಬೇಕು. ಒಂದು ಭಾರ ಇಳಿಸಿ ಇನ್ನೊಂದನ್ನು ಹೇರುವುದು ಯಾವ ಬಿಡುಗಡೆ?

ಪೇಟೆಯ ವ್ಯಾಖ್ಯಾನಕಾರರಿಗೆ ಕಷ್ಟವಾದ ಈ ಗಂಟು ನಮ್ಮ ರೈತನಿಗೆ ಕಷ್ಟವಾಗಬಾರದು. ಒಂಟಿ ಎತ್ತಿಗೆ ಯಾರೂ ಜೋಡಿ ನೊಗ ಹೂಡುವುದಿಲ್ಲ. ಹೊಸ ಹೋರಿಯನ್ನು ಪಳಗಿಸುವಾಗ ಒಕ್ಕಲಿಗ ಅದರ ಜೋಡಿಗೆ ನುರಿತ ಎತ್ತನ್ನು ಹೂಡುತ್ತಾನೆ. ಎಳೆತದ ಹೆಚ್ಚಿನ ಪಾಲು ಹಳೆಯದರ ಹೆಗಲಿಗೆ ಬೀಳುತ್ತದೆ, ಹೊಸದು ಅದರ ಹೆಜ್ಜೆ ನೋಡಿ ಹೆಜ್ಜೆ ಕಲಿಯುತ್ತದೆ. ಯೇಸು ‘ನನ್ನ ನೊಗ’ ಎನ್ನುವಾಗ ಆ ನೊಗದ ಇನ್ನೊಂದು ತುದಿಯಲ್ಲಿ ತಾನಿದ್ದೇನೆ ಎಂಬ ಅರ್ಥ ಅದರಲ್ಲಿ ಅಡಗಿದೆ ಎಂದು ನಾನು ಓದಿಕೊಳ್ಳುತ್ತೇನೆ. ಹೊಲ ಅಷ್ಟೇ ಇದೆ, ಉಳುಮೆಯೂ ತಪ್ಪಿಲ್ಲ, ಎಳೆಯುವವನು ಮಾತ್ರ ಒಬ್ಬನೇ ಅಲ್ಲ. ಈ ಉಪನ್ಯಾಸದಲ್ಲಿ ನನಗೆ ಹೇಳಲಿಕ್ಕಿರುವುದೂ ಇದೊಂದೇ. ಉಳಿದದ್ದೆಲ್ಲ ಇದರ ವಿಸ್ತಾರ.

ಇದು ಬರಿ ಮಾತಿನ ಚಮತ್ಕಾರವಲ್ಲ ಎಂದು ತೋರಿಸುವ ಒಂದು ಘಟನೆ ಸುವಾರ್ತೆಗಳಲ್ಲೇ ಇದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಕಥೋಲಿಕರು ಯೇಸುವಿನ ಕೊನೆಯ ನಡಿಗೆಯನ್ನು ನೆನೆದು ಶಿಲುಬೆ ಹಾದಿ ನಡೆಸುತ್ತಾರೆ. ಹದಿನಾಲ್ಕು ನಿಲುಗಡೆಗಳಲ್ಲಿ ಐದನೆಯದು ಕುರೇನ್ಯದ ಸೀಮೋನನದು. ಹೊಲದ ಕಡೆಯಿಂದ ಊರಿಗೆ ಬರುತ್ತಿದ್ದ ಈ ಮನುಷ್ಯನನ್ನು ರೋಮನ್ ಸೈನಿಕರು ದಾರಿಯಲ್ಲಿ ಹಿಡಿದು, ಯೇಸುವಿನ ಶಿಲುಬೆಯನ್ನು ಅವನ ಮೇಲೆ ಹೇರಿದರು. ಅವನು ಭಕ್ತನೆಂದು ಎಲ್ಲೂ ಹೇಳಿಲ್ಲ. ಮನಸ್ಸಿಟ್ಟು ಬಂದವನೂ ಅಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವನನ್ನು ಬಿಟ್ಟಿಗೆ ಹಿಡಿದರು.

ನಿಜಾಮರ ಸೀಮೆಯಲ್ಲಿ ಬಿಟ್ಟಿ ಚಾಕರಿ ಎಂದರೆ ಏನೆಂದು ಈ ಸಭೆಯ ಹಿರಿಯರಿಗೆ ನಾನು ವಿವರಿಸಬೇಕಿಲ್ಲ. ಅಧಿಕಾರಿ ಊರಿಗೆ ಬಂದರೆ ಅವನ ಸಾಮಾನು ಮುಂದಿನ ಊರಿನವರೆಗೆ ಹೊತ್ತು ಮುಟ್ಟಿಸುವುದು ಕೇರಿಯವರ ಪಾಲಿನ ಕರ್ಮವಾಗಿತ್ತು. ಕೂಲಿ ಇಲ್ಲ, ಇಲ್ಲವೆನ್ನುವ ಹಾಗೂ ಇಲ್ಲ. ಪಕ್ಕದ ತೆಲಂಗಾಣದಲ್ಲಿ 1946ರ ಹೊತ್ತಿಗೆ ಸಿಡಿದ ರೈತ ಹೋರಾಟದ ಹಿಂದೆ ಇದ್ದ ಕಾರಣಗಳಲ್ಲಿ ಅಲ್ಲಿ ವೆಟ್ಟಿ ಎನ್ನುವ ಈ ಬಿಟ್ಟಿಯೂ ಒಂದು. ರೋಮನ್ನರ ಆಳ್ವಿಕೆಯ ಯೆಹೂದ್ಯ ನಾಡಿನಲ್ಲೂ ಇದೇ ಪದ್ಧತಿ ಇತ್ತು. ಒಂದು ಮೈಲಿ ಹೊರಲು ಒತ್ತಾಯಿಸಿದವನ ಜೊತೆ ಎರಡು ಮೈಲಿ ನಡೆ ಎಂಬ ಯೇಸುವಿನ ವಿಚಿತ್ರ ಬುದ್ಧಿಮಾತಿನ ಹಿಂದಿರುವುದು ಆ ಬಿಟ್ಟಿಯೇ. ಅಂದರೆ ಈ ಗ್ರಂಥವನ್ನು ಮೊದಲು ಕೇಳಿಸಿಕೊಂಡವರು ಹೊರೆಯನ್ನು ಪ್ರತಿಮೆಯಾಗಿ ಕಂಡವರಲ್ಲ, ಬೆನ್ನ ಮೇಲೆ ಹೊತ್ತವರು. ನಮ್ಮ ಕೇರಿಗಳಲ್ಲಿ ಇದನ್ನು ಓದಿದಾಗ ವ್ಯಾಖ್ಯಾನವಿಲ್ಲದೆ ಅರ್ಥವಾಗುವುದು ಅದಕ್ಕೇ.

ಸೀಮೋನನ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಹೊರೆ ಹೊತ್ತವರೆಲ್ಲ ಬನ್ನಿ ಎಂದು ಕರೆದವನೇ ತನ್ನ ಹೊರೆಯನ್ನು ಕೊನೆಯ ದಿನ ಒಬ್ಬನೇ ಹೊರಲಾರದೆ ಹೋದ. ದೇವರ ಮಗನಿಗೂ ದಾರಿಹೋಕನೊಬ್ಬನ ಹೆಗಲು ಬೇಕಾಯಿತು ಎಂಬುದನ್ನು ಸುವಾರ್ತೆಕಾರರಲ್ಲಿ ಮೂವರು ಮುಚ್ಚಿಡಲಿಲ್ಲ; ಮುಚ್ಚಿಟ್ಟಿದ್ದರೆ ದೇವರ ಮಹಿಮೆಗೆ ಅನುಕೂಲವಾಗುತ್ತಿತ್ತು. ಮಾರ್ಕನಂತೂ ಸೀಮೋನನ ಇಬ್ಬರು ಮಕ್ಕಳ ಹೆಸರನ್ನೂ ಬರೆದಿದ್ದಾನೆ, ಅಲೆಕ್ಸಾಂದ್ರ ಮತ್ತು ರೂಫ. ಓದುವವರಿಗೆ ಆ ಮಕ್ಕಳ ಗುರುತು ಇದ್ದಿರಬೇಕು. ಬಿಟ್ಟಿಗೆ ಸಿಕ್ಕವನ ಮನೆ ಆಮೇಲೆ ಕ್ರೈಸ್ತ ಸಭೆಯ ಮನೆಯಾಯಿತೆಂದು ವಿದ್ವಾಂಸರು ಊಹಿಸುವುದು ಈ ಎರಡು ಹೆಸರುಗಳ ಮೇಲೆ.

ಇದೇ ಮಾತನ್ನು ಮುಂದುವರಿಸಿ ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನೊಬ್ಬರು ಹೊರಬೇಕು ಎನ್ನುತ್ತಾನೆ. ಮೂರು ವಚನ ಕಳೆಯುವಷ್ಟರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎನ್ನುತ್ತಾನೆ. ವಿರೋಧವೆಂದು ಗಾಬರಿಯಾಗಬೇಕಿಲ್ಲ. ಮಗ ತೀರಿಕೊಂಡ ತಾಯಿಯ ದುಃಖವನ್ನು ಅವಳ ಬದಲಿಗೆ ಯಾರೂ ಅನುಭವಿಸಲಾರರು. ಆ ಮೂರು ದಿನ ಅವಳ ಒಲೆ ಹೊತ್ತಿಸುವವರು ಮಾತ್ರ ಬೇಕು. ತಪ್ಪಿನ ಹೊರೆಯೂ ಹೀಗೆಯೇ. ಪಾಪನಿವೇದನೆಯ ಜಾಲರಿಯ ಆಚೆ ಕುಳಿತ ಗುರು ತಪ್ಪನ್ನು ಅಳಿಸಿ ಹಾಕುವನೋ ಇಲ್ಲವೋ ಎಂಬ ದೇವಶಾಸ್ತ್ರದ ಜಗಳ ನನಗೆ ಬೇಡ; ಒಬ್ಬನೇ ಹೊತ್ತು ತಿರುಗುತ್ತಿದ್ದ ಗುಟ್ಟಿಗೆ ಇನ್ನೊಂದು ಕಿವಿ ಸಿಕ್ಕಿತಲ್ಲ, ಅದರಿಂದ ಎಷ್ಟೋ ಜನ ಆ ರಾತ್ರಿ ನಿದ್ದೆ ಮಾಡುತ್ತಾರೆ.

ಈಗ ಮೂರನೆಯ ಭಾಗ. ತತ್ತ್ವವನ್ನು ಬದುಕಿನ ಮೇಲೆ ಹಚ್ಚಿ ನೋಡಲು ನಾನು ಆರಿಸಿಕೊಂಡಿರುವುದು ಪಂಡಿತಾ ರಮಾಬಾಯಿಯನ್ನು. ಮಹಾರಾಷ್ಟ್ರದವಳೆಂದು ನಾವು ಬಿಟ್ಟುಕೊಟ್ಟಿರುವ ಈ ಹೆಣ್ಣುಮಗಳು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರವರ ಕೆಂಗಣ್ಣಿಗೆ ಗುರಿಯಾದವರು. ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆದ ಕುಟುಂಬ ಅದು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಹಸಿವಿನಿಂದ ತೀರಿಕೊಂಡರು. ಅಣ್ಣನ ಜೊತೆ ನಡೆದೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿನ ವಿದ್ವಾಂಸರು ಅವಳ ಸಂಸ್ಕೃತ ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಮುಂದೆ ಅಣ್ಣನೂ ಹೋದ. ಮದುವೆಯಾಗಿ ಎರಡು ವರ್ಷಕ್ಕೆ ಗಂಡನೂ ಹೋದ. ಉಳಿದದ್ದು ಕೂಸು ಮನೋರಮೆ. ಹೊರೆಯ ಬಗ್ಗೆ ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಅವಳು ದೀಕ್ಷಾಸ್ನಾನ ಪಡೆದಳು. ಕತೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಬರೆಯುವ ಲೇಖಕರಿದ್ದಾರೆ. ಅವಳೇ 1907ರಲ್ಲಿ ಪ್ರಕಟಿಸಿದ ತನ್ನ ಸಾಕ್ಷಿಯಲ್ಲಿ ಬೇರೆಯೇ ಹೇಳುತ್ತಾಳೆ. ದೀಕ್ಷಾಸ್ನಾನದಿಂದ ಕ್ರಿಸ್ತನ ಧರ್ಮ ಸಿಕ್ಕಿತು, ಕ್ರಿಸ್ತ ಸಿಗಲಿಲ್ಲ. ಎದೆಯ ಭಾರ ಇಳಿದದ್ದು ಸುಮಾರು ಎಂಟು ವರ್ಷದ ಮೇಲೆ. ಒಂದು ಸಂಜೆಯ ಪ್ರಾರ್ಥನಾ ಕೂಟದಲ್ಲಿ ಎಲ್ಲ ಹೊರೆ ಇಳಿದು ಹೋಗುತ್ತದೆ ಎಂದು ಮೈಕು ಹಿಡಿದು ಹೇಳುವವರು ಈ ಎಂಟು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ನಡುವೆ ಅವಳು ಸುಮ್ಮನೆಯೂ ಕೂರಲಿಲ್ಲ. ತನಗೆ ಆಶ್ರಯ ಕೊಟ್ಟ ಇಂಗ್ಲೆಂಡಿನ ಧರ್ಮಭಗಿನಿಯರು ಏನು ನಂಬಬೇಕು, ಎಷ್ಟು ಪ್ರಶ್ನೆ ಕೇಳಬಹುದು ಎಂದು ಗೆರೆ ಎಳೆಯಲು ಬಂದಾಗ 1885ರ ಪತ್ರವೊಂದರಲ್ಲಿ ನೇರವಾಗಿಯೇ ಬರೆದಳು: ನನ್ನ ದೇಶದ ಪುರೋಹಿತರ ನೊಗವನ್ನು ಈಗಷ್ಟೇ ಕಷ್ಟಪಟ್ಟು ಕಳಚಿಕೊಂಡಿದ್ದೇನೆ, ಅಂಥದೇ ಇನ್ನೊಂದನ್ನು ಹೊರಲು ಸಿದ್ಧಳಿಲ್ಲ ಎಂಬುದು ಅದರ ಸಾರ. ಕ್ರಿಸ್ತನ ನೊಗ ಬೇರೆ, ಕ್ರಿಸ್ತನ ಹೆಸರಲ್ಲಿ ಬೇರೆಯವರು ಹೂಡುವ ನೊಗ ಬೇರೆ. ಇಷ್ಟು ಖಡಾಖಂಡಿತವಾಗಿ ಈ ಭೇದವನ್ನು ಕಂಡ ಭಾರತೀಯ ಕ್ರೈಸ್ತರು ವಿರಳ.

ಭಾರ ಇಳಿದ ಮೇಲೆ ಅವಳು ಮಾಡಿದ್ದೇನು? 1896–97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ನೂರಾರು ಅನಾಥ ಹೆಣ್ಣುಮಕ್ಕಳನ್ನು ಪುಣೆಯ ಹತ್ತಿರದ ಕೇಡಗಾಂವಿಗೆ ಕರೆತಂದಳು. ಹಸಿವಿನಿಂದ ತಾಯಿಯನ್ನು ಕಳೆದುಕೊಂಡವಳು ಹಸಿದ ಮಕ್ಕಳ ತಾಯಿಯಾದಳು. ಆ ನೆಲೆಗೆ ಇಟ್ಟ ಹೆಸರು ‘ಮುಕ್ತಿ’. ನಮಗೆ ಇನ್ನೂ ಹತ್ತಿರದ ಸಂಗತಿಯೆಂದರೆ, 1910ರ ದಶಕದಲ್ಲಿ ನಿಜಾಮರ ಕಲಬುರಗಿಯಲ್ಲಿ ಅವಳು ಒಂದು ಕ್ರೈಸ್ತ ಪ್ರೌಢಶಾಲೆ ತೆರೆದಳು, ಮಗಳು ಮನೋರಮೆ ಅದನ್ನು ನಡೆಸಿದಳು. 1921ರಲ್ಲಿ ಮಗಳು ತೀರಿಕೊಂಡಳು, ಮರುವರ್ಷ ಏಪ್ರಿಲಿನಲ್ಲಿ ತಾಯಿ. ನಂಬಿಕೆ ಅವಳನ್ನು ಸಾವುಗಳಿಂದ ಕಾಪಾಡಲಿಲ್ಲ. ಒಬ್ಬಂಟಿಯಾಗಿ ಹೊರುವುದರಿಂದ ಕಾಪಾಡಿತು.

ನಾಲ್ಕನೆಯದಕ್ಕೆ ಹೋಗುವ ಮುನ್ನ ಒಂದು ಮಾತನ್ನು ದಾಟಿ ಹೋಗುವಂತಿಲ್ಲ, ಜಾತಿ. ಕೇರಿಯಿಂದ ಕ್ರೈಸ್ತ ಸಭೆಗೆ ಬಂದವನಿಗೆ ಮೊದಲು ಇಳಿಯುವ ಹೊರೆ ಅವಮಾನದ್ದು. ಒಂದೇ ರೊಟ್ಟಿಯನ್ನು ಎಲ್ಲರಿಗೂ ಮುರಿದು ಕೊಡುವ ಪ್ರಭುಭೋಜನಕ್ಕೆ ಈ ನಾಡಿನಲ್ಲಿ ಇರುವ ಅರ್ಥ ರೋಮಿನಲ್ಲಿಯೂ ಇರಲಾರದು. ಆದರೆ ಸರಕಾರಿ ಕಚೇರಿಯಲ್ಲಿ ಅದೇ ಮನುಷ್ಯನಿಗೆ ಇನ್ನೊಂದು ಹೊರೆ ಕಾದಿರುತ್ತದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು. ‘ನಮ್ಮಲ್ಲಿ ಜಾತಿ ಇಲ್ಲ’ ಎಂದು ಸಭಾಪಾಲಕರು ಹೇಳುವುದೂ, ಮಗಳ ಸಂಬಂಧದ ಮಾತು ಬಂದಾಗ ಅದೇ ಸಭೆಯ ಹಿರಿಯರು ‘ಯಾವ ಪೈಕಿ’ ಎಂದು ಮೆಲ್ಲಗೆ ಕೇಳುವುದೂ ಎರಡೂ ನಿಜ. ಕಾನೂನನ್ನು ದೂರುವ ಬಾಯಿಗಳು ಈ ಎರಡನೆಯದನ್ನೂ ಆಡಬೇಕು.

ಇನ್ನು ಸಾಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಭತ್ತ ಹೆಸರು ಮಾಡಿತು. ಬೀಜ, ಗೊಬ್ಬರ, ಔಷಧದ ಉದ್ರಿಯೂ ಬೆಳೆಯಿತು. ಕಾಲುವೆಯ ಕೊನೆಗೆ ನೀರು ಮುಟ್ಟದ ವರ್ಷ ಅಡತಿ ಅಂಗಡಿಯ ಪುಸ್ತಕ ಮಾತ್ರ ತುಂಬುತ್ತದೆ. ನೀರಾವರಿ ಇಲ್ಲದ ಕಡೆಯವರು ಗುಳೆ ಹೋಗುತ್ತಾರೆ. ಇಂಥ ಮನೆಗಳಿಗೆ ಬಂದು, ಹತ್ತು ಕೊಟ್ಟರೆ ನೂರಾಗಿ ಮರಳುತ್ತದೆ, ನಂಬಿಕೆ ಗಟ್ಟಿಯಿದ್ದರೆ ಸಾಲ ತೀರುತ್ತದೆ ಎಂದು ಸಾರುವ ಬೋಧಕರು ಇದ್ದಾರೆ. ತೀರದಿದ್ದರೆ ನಂಬಿಕೆ ಸಾಲದೆಂಬ ತಪ್ಪೂ ಸಾಲಗಾರನ ತಲೆಗೇ. ಜನರ ಹೆಗಲಿಗೆ ಭಾರ ಕಟ್ಟಿ ತಾವು ಒಂದು ಬೆರಳನ್ನೂ ಸೋಕಿಸದವರ ಬಗ್ಗೆ ಯೇಸು ಆಡಿದ ಕಟುವಾದ ಮಾತು ಮತ್ತಾಯನ 23ನೆಯ ಅಧ್ಯಾಯದಲ್ಲಿದೆ. ಮನೆಗೆ ಹೋಗಿ ಓದಿ ಎಂದು ಇಷ್ಟಕ್ಕೇ ಬಿಡುತ್ತೇನೆ.

ಬೈಬಲ್ ಸಾಲವನ್ನು ಪವಾಡಕ್ಕೆ ಬಿಟ್ಟಿಲ್ಲ, ವ್ಯವಸ್ಥೆಗೆ ಒಪ್ಪಿಸಿದೆ. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ಐವತ್ತನೆಯ ವರ್ಷ ಜೂಬಿಲಿ: ಮಾರಿಹೋದ ಹೊಲ ಮೂಲದವನಿಗೆ ಮರಳಬೇಕು, ಬಡತನದಿಂದ ಆಳಾದವನು ತನ್ನ ಮನೆಗೆ ಮರಳಬೇಕು. ಕಥೋಲಿಕ ಸಭೆ 2025ನ್ನು ಜೂಬಿಲಿ ವರ್ಷವಾಗಿ ಆಚರಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಕಿರುಸಾಲದ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ.

ಇಲ್ಲಿ ಒಬ್ಬ ಜರ್ಮನ್ ಮನುಷ್ಯನ ಕತೆ ಹೇಳಬೇಕು. ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ವೈಯರ್‌ಬುಶ್ ಎಂಬ ಹಳ್ಳಿಯಲ್ಲಿ ಊರಾಡಳಿತದ ಮುಖ್ಯಸ್ಥನಾಗಿದ್ದ, ದೈವಭೀರು ಪ್ರೊಟೆಸ್ಟೆಂಟ್. 1846–47ರ ಹಸಿವಿನ ಚಳಿಗಾಲದಲ್ಲಿ ಉಳ್ಳವರನ್ನು ಕೂಡಿಸಿ ಇಲ್ಲದವರಿಗೆ ರೊಟ್ಟಿ ಉದ್ರಿ ಸಿಗುವಂತೆ ಸಂಘ ಕಟ್ಟಿದ. 1864ರಲ್ಲಿ ಹೆಡೆಸ್‌ಡಾರ್ಫಿನಲ್ಲಿ ಸಾಲದ ಸಂಘ. ಅದರ ಮೂಲ ನಿಯಮ ಅಪರಿಮಿತ ಹೊಣೆ: ಒಬ್ಬನ ಸಾಲಕ್ಕೆ ಎಲ್ಲರ ಆಸ್ತಿಯೂ ಜವಾಬು. ಪೌಲನ ಮಾತು ಲೆಕ್ಕದ ಪುಸ್ತಕಕ್ಕೆ ಇಳಿದರೆ ಹೀಗಿರುತ್ತದೆ. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಆ ಮಾದರಿಯನ್ನು ಅಧ್ಯಯನ ಮಾಡಿ ವರದಿ ಕೊಟ್ಟ, 1904ರಲ್ಲಿ ಸಹಕಾರ ಕಾಯಿದೆ ಬಂತು, 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶಕ್ಕೇ ಮೊದಲನೆಯದೆನಿಸಿದ ಕೃಷಿ ಸಹಕಾರ ಸಂಘ ಕಟ್ಟಿದರು. ಕಣಗಿನಹಾಳದ ಗೌಡರಿಗೆ ಬೈಬಲ್ಲಿನ ಹಂಗು ಬೇಕಿರಲಿಲ್ಲ. ಒಂದು ನಂಬಿಕೆಯ ಒಳಗೆ ಹುಟ್ಟಿದ ಹೆಗಲು ನಂಬಿಕೆಯ ಗಡಿ ದಾಟಿ ನಮ್ಮೂರ ಸೊಸಾಯಿಟಿಯಾಯಿತು ಎಂಬುದು ನನಗೆ ಮುಖ್ಯ.

ಇಂದಿನ ಮೈಕ್ರೊಫೈನಾನ್ಸ್ ಗುಂಪುಸಾಲವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ಒಬ್ಬಳ ಕಂತಿಗೆ ಗುಂಪೆಲ್ಲ ಹೊಣೆ. ಮೇಲುನೋಟಕ್ಕೆ ಅದೇ ನಿಯಮ. ಆದರೆ ಕಂತು ತಪ್ಪಿದ ದಿನ ಅವಳ ಬಾಗಿಲಿಗೆ ಮೊದಲು ಬಂದು ಕೂರುವವರು ಅವಳ ಓಣಿಯ ಗೆಳತಿಯರೇ, ವಸೂಲಿಗಾಗಿ. ರೈಫೈಸನ್ನನ ಸಂಘದಲ್ಲಿ ಹಣವೂ ಬಡ್ಡಿಯೂ ಊರಲ್ಲೇ ತಿರುಗುತ್ತಿದ್ದವು, ಸಾಲ ಕೊಡುವ ಮುನ್ನ ಯಾಕೆ ಬೇಕೆಂದು ಕೇಳುವವರು ನೆರೆಯವರೇ ಆಗಿದ್ದರು. ಇಲ್ಲಿ ಹೊಣೆ ಮಾತ್ರ ಊರಿನದು.

ಹಾಗಾಗಿ ಸಿಂಧನೂರಿನ ಕ್ಯಾಂಪು ಹಳ್ಳಿಗಳ ಕ್ರೈಸ್ತ ಸಭೆಗಳಿಗೂ ಮುದಗಲ್ಲಿನ ಹಳೆಯ ಇಗರ್ಜಿಗೂ ಮಸ್ಕಿ ಲಿಂಗಸುಗೂರಿನ ಪ್ರಾರ್ಥನಾ ಮನೆಗಳಿಗೂ ನೆರೆಯವನಾಗಿ ನನ್ನದೊಂದು ವಿನಂತಿ ಇದೆ. ಮಿಜೋರಾಮಿನ ಕ್ರೈಸ್ತ ಹೆಂಗಸರು ಅಡುಗೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ಬೇರೆ ತೆಗೆದಿಟ್ಟು ಸಭೆಗೆ ಕೊಡುತ್ತಾರೆ. 1910ರ ಸುಮಾರಿಗೆ ಆರಂಭವಾದ ಈ ಪದ್ಧತಿಯಿಂದ ಅಲ್ಲಿ ದೊಡ್ಡ ದೊಡ್ಡ ಕೆಲಸಗಳು ನಡೆದಿವೆ. ಭತ್ತದ ನಾಡಾದ ನಮ್ಮಲ್ಲಿ ಅದು ಅಸಾಧ್ಯವಲ್ಲ. ಆ ಹಿಡಿ ಅಕ್ಕಿ ಧ್ವನಿವರ್ಧಕಕ್ಕೂ ಹೊಸ ಶಾಮಿ​ಯಾನಕ್ಕೂ ಹೋಗುವ ಮುನ್ನ, ಆ ತಿಂಗಳ ಕಂತು ಕಟ್ಟಲಾಗದ ಒಂದು ಮನೆಗೆ, ಅವರು ಯಾವ ದೇವರಿಗೆ ಕೈಮುಗಿಯುತ್ತಾರೆಂದು ಕೇಳದೆ, ಹೋಗಲಿ. ಲೆಕ್ಕವನ್ನು ಭಾನುವಾರ ಎಲ್ಲರೆದುರು ಓದಲಿ. ಕಾಲೇಜಿನ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಆ ಲೆಕ್ಕ ಬರೆಯಲು ನೆರವಾದರೆ ಅವರಿಗೂ ಒಳ್ಳೆಯ ಅಭ್ಯಾಸ.